ಹಸಿರು ಹುಳವೂ ನಿರ್ಣಾದ ಗಂಗಾಬಾಯಿಯೂ

ಪಲ್ಲವಿ, ಮಲ್ಲು, ಸಣ್ಣ ರೇಣುಕಾ, ಮೂವರೂ ಒಟ್ಟಿಗೆ ಕೂತು ಓದಿರಿ. ಪಲ್ಲವಿ ತಾನೊಬ್ಬಳೇ ಮೊದಲು ಓದಿಕೊಂಡು ಉಳಿದಿಬ್ಬರಿಗೆ ತನಗೆ ಬೇಕಾದಷ್ಟೇ ಹೇಳುವ ಅಭ್ಯಾಸ ಇಟ್ಟುಕೊಂಡಿದ್ದಾಳೆ. ಈ ಸಲ ಅದು ಬೇಡ.

ಪಲ್ಲವಿಗೆ ಆಪರೇಷನ್ ಥಿಯೇಟರಿನ ಕೋರ್ಸಿಗೆ ಸೀಟು ಸಿಕ್ಕಿದ ದಿನ ಮನೆ ತುಂಬ ಜನ. ಎಲ್ಲರೂ ಪೇಢೆ ತಿನ್ನುತ್ತಿದ್ದಾಗ ಅವಳು ಎಲ್ಲರೆದುರು, "ಆಯಿ, ನೀ ಅಷ್ಟು ವರ್ಷ ಥಿಯೇಟರಿನಾಗ ಇದ್ದಿ. ಅಲ್ಲಿ ಏನ್ ಮಾಡ್ತಿದ್ದಿ?" ಎಂದು ಕೇಳಿದಳು. "ನೆಲ ಒರಸ್ತಿದ್ದೆ" ಎಂದೆ. ಅದು ಸುಳ್ಳಲ್ಲ. ಆದರೆ ಅಷ್ಟು ಜನರ ಮುಂದೆ ಅದಕ್ಕಿಂತ ಉದ್ದದ ಮಾತು ನನ್ನ ಬಾಯಿಂದ ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಕಾಗದ ನನ್ನ ಮುಖ ನೋಡುವುದಿಲ್ಲ.

ನಾನು ನಾರಾಯಣಪುರದ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದವಳು. ಮಾಸ್ತರರು ಹೆಸರು ಕೂಗಿದರೆ ಹಾಜರಿ ಹೇಳಲೂ ನಾಚಿಕೆಯಾಗಿ ಕೈ ಎತ್ತುತ್ತಿದ್ದೆ. ಮದುವೆಯಾಗಿ ಬಸವಕಲ್ಯಾಣಕ್ಕೆ ಬಂದೆ. ನಿಮ್ಮ ಅಜ್ಜ ಹೋದ ಮೇಲೆ ಹುಮ್ನಾಬಾದಿನ ಒಂದು ಖಾಸಗಿ ದವಾಖಾನೆಯಲ್ಲಿ ಆಯಾ ಕೆಲಸ ಸಿಕ್ಕಿತು. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಅಲ್ಲಿ ಎಲ್ಲರೂ ನನ್ನನ್ನು ಮಾವಶಿ ಎನ್ನುತ್ತಿದ್ದರು. ನನ್ನ ನಿಜವಾದ ಹೆಸರು ಸಂಬಳ ಕೊಡುವವರಿಗೆ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ.

ಥಿಯೇಟರಿನಲ್ಲಿ ನನಗೆ ಬಹಳ ಹಿಡಿಸಿದ್ದು ಮಾಸ್ಕು. ಅದನ್ನು ಕಂಡುಹಿಡಿದವರು ಯಾರೋ, ನನ್ನಂಥ ಹೆಂಗಸನ್ನು ನೋಡಿಯೇ ಕಂಡುಹಿಡಿದಿರಬೇಕು. ಅಲ್ಲಿಯವರೆಗೆ ಸೆರಗನ್ನು ಬಾಯಿಗೆ ಹಿಡಿದೇ ಒಂದು ಕೈ ಕೆಲಸಕ್ಕೆ ಬಾರದಂತಾಗಿತ್ತು. ಮಾಸ್ಕು ಬಂದ ಮೇಲೆ ಎರಡೂ ಕೈ ಖುಲ್ಲಾ ಆದವು. ಮಾಸ್ಕಿನ ಹಿಂದಿನಿಂದ ನಾನು ಎಷ್ಟೋ ಮಾತಾಡಿದ್ದೇನೆ. ಅವು ಯಾರಿಗೂ ಕೇಳಿಸಲಿಲ್ಲ ಅನ್ನುವುದು ಬೇರೆ ಮಾತು.

ಪಲ್ಲವಿ, ನಿನ್ನ ಕೋರ್ಸಿನಲ್ಲಿ ಕಲಿಸುತ್ತಾರೋ ಇಲ್ಲವೋ, ಒಂದು ಮಾತು ನಾನು ಹೇಳುತ್ತೇನೆ. ಕ್ಯಾಮೆರಾ ಆಪರೇಷನ್ನಿನಲ್ಲಿ ಎಲ್ಲ ಶುರುವಾಗುವುದು ಹೊಕ್ಕಳಿನಿಂದ. ದೊಡ್ಡ ಗಾಯ ಮಾಡುವುದಿಲ್ಲ, ಹೊಕ್ಕಳಿನಲ್ಲಿ ಒಂದು ಸಣ್ಣ ತೂತು ಮಾಡಿ ಕ್ಯಾಮೆರಾ ಇಳಿಸುತ್ತಾರೆ. ಆ ಹೊಕ್ಕಳನ್ನು ಹಿಂದಿನ ದಿನವೇ ಸ್ವಚ್ಛ ಮಾಡುವ ಕೆಲಸ ನನ್ನದು. ನಮ್ಮ ಕಡೆ ಹೊಟ್ಟೆ ನೋವಾದರೆ ಮನೆಯವರು ಮೊದಲು ನೋಡುವುದೂ ಹೊಕ್ಕಳನ್ನೇ. ಹರಳೆಣ್ಣೆ, ಹಿಂಗು, ಸುಣ್ಣ, ದೇವರ ಭಂಡಾರದ ಅರಿಸಿನ, ಎಲ್ಲ ಅಲ್ಲಿಯೇ ತುಂಬಿರುತ್ತದೆ. ಒಮ್ಮೆ ಸುಗ್ಗಿಯಲ್ಲಿ ಬಂದ ಒಬ್ಬಾಕೆಯ ಹೊಕ್ಕಳಿನಲ್ಲಿ ನನಗೆ ಒಂದು ಜೋಳದ ಕಾಳು ಸಿಕ್ಕಿತು. ಆಕೆಗೆ ತೋರಿಸಿದರೆ, "ಅಯ್ಯ, ಹಂತಿ ಮಾಡುವಾಗ ಬಿದ್ದಿರಬೇಕು, ಕೊಡ್ರಿ ಇಲ್ಲಿ" ಎಂದು ಇಸಿದುಕೊಂಡು ಸೆರಗಿನ ತುದಿಗೆ ಕಟ್ಟಿಕೊಂಡಳು.

ನಾನು ಸೇರಿದ ಹೊಸದರಲ್ಲಿ ದವಾಖಾನೆಯ ದೊಡ್ಡ ಡಾಕ್ಟರು ಹೊಟ್ಟೆಯನ್ನು ಅಗಲವಾಗಿ ಕೊಯ್ದೇ ಆಪರೇಷನ್ ಮಾಡುತ್ತಿದ್ದರು. ಕೈ ಬಹಳ ಚೊಕ್ಕ, ಬಾಯಿ ಮಾತ್ರ ಸುಮ್ಮನಿರುತ್ತಿರಲಿಲ್ಲ. ಅವರಿಗೆ ವಯಸ್ಸಾದ ಮೇಲೆ ವಾರಕ್ಕೊಮ್ಮೆ ಕಲಬುರಗಿಯಿಂದ ಒಬ್ಬ ಮೇಡಮ್ ಬರಲು ಶುರುಮಾಡಿದರು. ಮೇಡಮ್ ಮೈಸೂರು ಕಡೆಯವರು, ಸಣ್ಣ ಧ್ವನಿ, ಸಣ್ಣ ಆಳು. ಅವರ ಕಾರಿನ ಹಿಂದಿನ ಸೀಟಿನಲ್ಲಿ ಬೆಲ್ಟು ಕಟ್ಟಿಕೊಂಡು ಕೂತು ಬರುತ್ತಿದ್ದದ್ದು ಮನುಷ್ಯರಲ್ಲ, ಕ್ಯಾಮೆರಾ ಪೆಟ್ಟಿಗೆ. ಅದನ್ನು ಇಳಿಸುವಾಗ ಡ್ರೈವರು ಮದುಮಗನನ್ನು ಕುದುರೆಯಿಂದ ಇಳಿಸುವಷ್ಟು ಜೋಪಾನ ಮಾಡುತ್ತಿದ್ದ.

ದೊಡ್ಡ ಡಾಕ್ಟರಿಗೆ ಅದು ಸರಿಬರಲಿಲ್ಲ. "ಹೊಟ್ಟಿ ಇಲ್ಲಿ ಅದ, ಇವರು ಟಿವಿ ನೋಡಾಕತ್ತಾರ" ಎಂದು ಗೊಣಗುತ್ತಿದ್ದರು. ಆದರೂ ಮೇಡಮ್ ಬಂದ ದಿನ ಥಿಯೇಟರಿನ ಮೂಲೆಯಲ್ಲಿ ಒಂದು ಸ್ಟೂಲು ಹಾಕಿಸಿಕೊಂಡು ಕೂರುವುದನ್ನು ತಪ್ಪಿಸಲಿಲ್ಲ. ಕ್ಯಾಮೆರಾದ ಗಾಜಿಗೆ ಹೊಟ್ಟೆಯೊಳಗಿನ ಆವಿ ಕೂತು ಮಂಜಾಗುತ್ತದೆ. ಅದಕ್ಕೆ ಅದನ್ನು ಆಗಾಗ ಬಿಸಿನೀರಿನಲ್ಲಿ ಅದ್ದಬೇಕು. ಅದಕ್ಕಾಗಿ ಹೊರಗೆ ಥರ್ಮಾಸಿನಲ್ಲಿ ನಾನು ಕಾದಾರಿಸಿ ಇಟ್ಟಿದ್ದ ನೀರನ್ನು ದೊಡ್ಡ ಡಾಕ್ಟರು ಒಮ್ಮೆ ಲೋಟಕ್ಕೆ ಬಗ್ಗಿಸಿಕೊಂಡು ಕುಡಿದು, "ಮಾವಶಿ, ಚಾದಾಗ ಚಾಪುಡಿ ಹಾಕಲಿಕ್ಕೆ ಮರ್ತೀರಿ" ಎಂದಿದ್ದರು.

ಮೇಡಮ್ ತಂದ ಹೊಸ ವಿದ್ಯೆ ಎಂದರೆ ಒಂದು ಹಸಿರು ಔಷಧ. ಅದನ್ನು ನಾನು ತಿಳಿದುಕೊಂಡಂತೆ ಬರೆಯುತ್ತೇನೆ. ಪಲ್ಲವಿ ತಿದ್ದಿಕೊಳ್ಳಲಿ. ಸಣ್ಣ ಶೀಸೆಯಲ್ಲಿ ಕಡು ಹಸಿರು ಪುಡಿ ಇರುತ್ತದೆ. ಅದನ್ನು ಅದಕ್ಕೆಂದೇ ಇರುವ ಶುದ್ಧ ನೀರಿನಲ್ಲಿ ಕರಗಿಸುತ್ತಾರೆ, ಸಲೈನಿನಲ್ಲಿ ಅಲ್ಲ. ಮೈಯೊಳಗೆ ಹೋದ ಮೇಲೆ ಸಾದಾ ಬೆಳಕಿನಲ್ಲಿ ಅದು ಎದ್ದು ಕಾಣುವುದಿಲ್ಲ. ಕ್ಯಾಮೆರಾದ ಒಂದು ಗುಂಡಿ ಒತ್ತಿದರೆ ನಮ್ಮ ಕಣ್ಣಿಗೆ ಕಾಣದ ಬೇರೆ ಥರದ ಬೆಳಕು ಬಿಡುತ್ತದೆ. ಆಗ ಆ ಔಷಧ ಎಲ್ಲಿದೆಯೋ ಅಲ್ಲಿ ಮಾತ್ರ ಟಿವಿಯಲ್ಲಿ ಹಸಿರಾಗಿ ಹೊಳೆಯುತ್ತದೆ. ರಕ್ತದಲ್ಲಿ ಬಿಟ್ಟರೆ ರಕ್ತ ಓಡಾಡುವ ಜಾಗ ಹೊಳೆಯುತ್ತದೆ. ಮೂತ್ರನಾಳದಲ್ಲಿ ಬಿಟ್ಟರೆ ನಾಳ ಹೊಳೆಯುತ್ತದೆ. ಹೊಳೆಯುವ ನಾಳವನ್ನು ಕತ್ತರಿ ತಪ್ಪಿಸಿಕೊಂಡು ಹೋಗಬಹುದು. ಇಷ್ಟೇ.

ಇಷ್ಟೇ ಎಂದು ಈಗ ಬರೆದೆ. ಮೊದಲ ದಿನ ಅಷ್ಟು ಸಲೀಸಾಗಿರಲಿಲ್ಲ. ನಮ್ಮ ಶಾಂತಾ ಸಿಸ್ಟರ್ ಬಹಳ ಚುರುಕು, ಕೈಗೆ ಸ್ವಲ್ಪ ಅವಸರ ಜಾಸ್ತಿ. ಶೀಸೆಯ ಔಷಧವನ್ನು ಸಿರಿಂಜಿಗೆ ಎಳೆಯುವಾಗ ಒಂದೆರಡು ಹನಿ ಕೈಗವಸಿನ ಮೇಲೆ ಚೆಲ್ಲಿತು. ಅದನ್ನು ಗಾಜ್ ಬಟ್ಟೆಯಿಂದ ಒರಸಿಕೊಂಡು, ಅದೇ ಕೈಯಲ್ಲಿ ಇಕ್ಕಳ, ಕತ್ತರಿ, ಬಟ್ಟೆ ಎಲ್ಲ ಕೊಟ್ಟರು. ಮೇಡಮ್ ಗುಂಡಿ ಒತ್ತಿದರು. ನಾಳ ಹೊಳೆಯಿತು. ಜೊತೆಗೆ ಇಕ್ಕಳ ಹೊಳೆಯಿತು, ಕತ್ತರಿ ಹೊಳೆಯಿತು, ಒಳಗಿಟ್ಟ ಬಟ್ಟೆ ಚಂದ್ರನ ಹಾಗೆ ಹೊಳೆಯಿತು.

ಮೇಡಮ್ ಕೈ ನಿಲ್ಲಿಸಿ, "ಯಾರ್ರೀ ಇಲ್ಲಿ ದೀಪಾವಳಿ ಮಾಡಿರೋದು?" ಎಂದರು.

ದೊಡ್ಡ ಡಾಕ್ಟರು ಸ್ಟೂಲಿನ ಮೇಲಿಂದ, "ಹಸರ ಕಂಡದ್ದು ಕತ್ತರಸಬಾರದು ಅಂದ್ರಲ್ಲ ಮೇಡಮ್? ಇಕ್ಕಳಾನೂ ಹಸರ ಅದ, ಕತ್ತರೀನೂ ಹಸರ ಅದ. ಒಂದನ್ನೂ ಕತ್ತರಸಬ್ಯಾಡ್ರಿ, ಹೊಲದು ಮನಿಗಿ ಹೋಗೂಣು" ಎಂದರು.

ಅವತ್ತು ಎಲ್ಲರ ಕೈಗವಸು ಬದಲಾಯಿತು, ಸಾಮಾನೆಲ್ಲ ಬದಲಾಯಿತು. ಪಲ್ಲವಿ, ಹಸಿರು ಔಷಧ ಮುಟ್ಟಿದ ಕೈಗವಸನ್ನು ತಕ್ಷಣ ಕಳಚಿ ಬಿಸಾಡು. ಶಾಂತಾ ಸಿಸ್ಟರನ್ನು ಇವತ್ತಿಗೂ ಆ ದವಾಖಾನೆಯಲ್ಲಿ ದೀಪಾವಳಿ ಸಿಸ್ಟರ್ ಎನ್ನುತ್ತಾರೆ.

ಇನ್ನೊಮ್ಮೆ ಮೇಡಮ್ ಟಿವಿ ಸ್ಪಷ್ಟ ಕಾಣಲೆಂದು "ದೊಡ್ಡ ಲೈಟ್ ಆರಿಸಿ" ಎಂದರು. ದೊಡ್ಡ ಡಾಕ್ಟರು ತಾವೇ ಉಪಕಾರ ಮಾಡಲು ಎದ್ದು ಗೋಡೆಯ ಗುಂಡಿ ಒತ್ತಿದರು. ಆರಿದ್ದು ಟಿವಿ. ಎಲ್ಲರೂ ಕೈ ಅಲುಗಿಸದೆ ನಿಂತೆವು. ಕತ್ತರಿ ಹಿಡಿದ ಮೇಡಮ್ ಗೊಂಬೆಯ ಹಾಗೆ ನಿಂತು, "ಸರ್, ದಯವಿಟ್ಟು ಕೂತ್ಕೊಳ್ಳಿ" ಎಂದರು. ಅವರು ಕೂತರು. ಶಾಂತಾ ಸಿಸ್ಟರ್ ಟಿವಿ ಹಚ್ಚಿದರು. ಅಂದೇ ಆ ಗುಂಡಿಯ ಮೇಲೆ ಒಂದು ಪಟ್ಟಿ ಅಂಟಿಸಿದ್ದು ನಾನು. ಅದರ ಮೇಲೆ ಏನೂ ಬರೆಯಲಿಲ್ಲ. ಬರೆದರೆ ಡಾಕ್ಟರಿಗೆ ಬೇಸರವಾಗುತ್ತಿತ್ತು.

ಈಗ ಗಂಗಾಬಾಯಿಯ ವಿಷಯಕ್ಕೆ ಬರುತ್ತೇನೆ. ಇಷ್ಟೆಲ್ಲ ಬರೆದದ್ದೇ ಅದಕ್ಕಾಗಿ.

ಗಂಗಾಬಾಯಿ ನಿರ್ಣಾದವಳು. ಸ್ವಲ್ಪ ಹೊಲ, ಬಹಳ ಕುರಿ. ಗಂಡ ತೀರಿಕೊಂಡ ಮೇಲೆ ಹಿಂಡನ್ನು ತಾನೇ ನೋಡಿಕೊಂಡು ಬಂದವಳು. ಮಾತಾಡಿದರೆ ದವಾಖಾನೆಯ ಗೇಟಿನವರೆಗೆ ಕೇಳಬೇಕು. ಅವಳ ಸೊಸೆ ಸುವರ್ಣಾ, ಮಂಠಾಳದ ಹುಡುಗಿ, ಪಿಸುಮಾತಿನವಳು. ಸುವರ್ಣಾಗೆ ಪ್ರತಿ ತಿಂಗಳು ಹೊರಗಾದಾಗ ಎದ್ದು ನಿಲ್ಲಲಾಗದಷ್ಟು ಹೊಟ್ಟೆ ನೋವು. ಮದುವೆಯಾದಾಗಿನಿಂದ ಅತ್ತೆ ಅದನ್ನು ನಂಬಿರಲಿಲ್ಲ.

"ನಾಟಕ ಮಾಡ್ತಾಳ್ರಿ ಬಾಯಿ" ಎಂದು ಗಂಗಾಬಾಯಿ ಮೇಡಮ್ ಎದುರೇ ಹೇಳಿದಳು. "ತಿಂಗಳ ಕೂಡೋದು ನಮಗೇನು ಆಗಲಿಲ್ಲೇನು? ಹೊರಗಾದಾಗೂ ನಾ ಮರಿ ಹೊತ್ಕೊಂಡು ಚಿಟಗುಪ್ಪಿ ತನಕ ನಡದೀನಿ. ಈಗ ಕಡೀ ಸಲ ಅಂತ ಕರಕೊಂಡು ಬಂದೀನಿ. ಒಳಗ ಏನರೆ ಇದ್ರ ತೆಗೀರಿ. ಇಲ್ಲಂದ್ರ ಇಲ್ಲ ಅಂತ ಬಾಯಿ ಬಿಟ್ಟು ಹೇಳ್ರಿ, ಸೀದಾ ಮಂಠಾಳ ಬಸ್ಸಿಗಿ ಹತ್ತಸ್ತೀನಿ."

ಮಂಠಾಳ ಬಸ್ಸು ಎಂದರೆ ತವರಿಗೆ ಕಳಿಸುವುದು, ಮತ್ತೆ ಕರೆಯದೆ ಇರುವುದು. ಸುವರ್ಣಾ ನೆಲ ನೋಡುತ್ತಿದ್ದಳು. ಅವಳ ಗಂಡ ಕಾಶಿನಾಥ ಮೊಬೈಲು ನೋಡುತ್ತಿದ್ದ. ಆ ಮೊಬೈಲು ಬಂದ್ ಆಗಿತ್ತು. ನಾನು ಪಕ್ಕದಲ್ಲೇ ನಿಂತು ನೋಡಿದ್ದೆ.

ಮೇಡಮ್ ಪರೀಕ್ಷೆ ಮಾಡಿ, ಸ್ಕ್ಯಾನ್ ಮಾಡಿಸಿ, ಎಂಡೊಮೆಟ್ರಿಯೋಸಿಸ್ ಎಂದರು. ಆ ಹೆಸರು ನನ್ನ ನಾಲಿಗೆಗೆ ಹೊಂದಲು ಬಹಳ ದಿನ ಬೇಕಾಯಿತು. ಗರ್ಭಚೀಲದ ಒಳಗಿನ ಪದರದಂಥದೇ ಒಂದು ಪದರ ಚೀಲದ ಹೊರಗೂ ಬೆಳೆಯುತ್ತದೆ. ತಿಂಗಳಿಗೊಮ್ಮೆ ಅದೂ ಕೆರಳುತ್ತದೆ, ಆದರೆ ಅದಕ್ಕೆ ಹೊರಗೆ ಹೋಗುವ ದಾರಿಯಿಲ್ಲ. ವರ್ಷಗಟ್ಟಲೆ ಹೀಗಾಗಿ ಒಳಗಿನದೆಲ್ಲ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಸುವರ್ಣಾಳಲ್ಲಿ ಅದು ಎಡಗಡೆಯ ಮೂತ್ರನಾಳದ ಸುತ್ತ ಬಿಗಿದುಕೊಂಡಿರುವ ಹಾಗೆ ಕಾಣುತ್ತದೆ, ನಾಳಕ್ಕೆ ಏಟು ಬೀಳದಂತೆ ಹಸಿರು ಔಷಧ ಬೇಕು ಎಂದರು. ಗಂಗಾಬಾಯಿಗೆ ಕೇಳಿಸಿದ್ದು ಒಂದೇ: ಒಳಗೆ ಏನೋ ಇದೆ.

ಆಪರೇಷನ್ನಿನ ಬೆಳಿಗ್ಗೆ ಬಳೆಯ ಪ್ರಶ್ನೆ ಬಂತು. ಥಿಯೇಟರಿಗೆ ಹೋಗುವ ಮುಂಚೆ ಮೈಮೇಲಿನದೆಲ್ಲ ತೆಗೆಯಬೇಕು. ಮುತ್ತೈದೆಯ ಹಸಿರು ಬಳೆಗೆ ನಾನು ಕೈ ಹಾಕುವುದಿಲ್ಲ. ನನಗೇನೂ ಇಲ್ಲ, ಆದರೆ ನೋಡುವವರಿಗೆ ಸಂಕಟವಾಗುತ್ತದೆ. ಆದ್ದರಿಂದ ಯಾವಾಗಲೂ ಅತ್ತೆಗೇ ಹೇಳುತ್ತಿದ್ದೆ. ಗಂಗಾಬಾಯಿ ತನ್ನ ಬರಿಗೈಯನ್ನು ನನ್ನ ಮುಂದೆ ಹಿಡಿದಳು. "ನಂದೂ ನಿನ್ನಂಥದೇ ಕೈ, ಅಕ್ಕಾ. ನೋಡು."

ಇಬ್ಬರೂ ಸುವರ್ಣಾಳ ಎರಡು ಕಡೆ ನಿಂತೆವು, ಇಬ್ಬರೂ ಬಳೆ ಮುಟ್ಟಲಿಲ್ಲ. ಶಾಂತಾ ಸಿಸ್ಟರ್ ಒಳಗಿನಿಂದ ಕೂಗುತ್ತಿದ್ದರು. ಕಡೆಗೆ ಗಂಗಾಬಾಯಿ ಮಗನನ್ನು ಕರೆದಳು. "ಲೇ ಕಾಶ್ಯಾ, ಬಾ ಇಲ್ಲಿ. ಹೇಣ್ತಿ ಕೈ ಹಿಡಿ."

ಕಾಶಿನಾಥ ಕಿವಿಯ ತುದಿಯವರೆಗೆ ಕೆಂಪಾದ. ನಾನು ಸಾಬೂನು ಕೊಟ್ಟೆ. ಅವನು ಹೆಂಡತಿಯ ಮುಂಗೈಗೆ ಸಾಬೂನು ಹಚ್ಚಿ ನೊರೆ ಮಾಡಿ ಒಂದೊಂದೇ ಬಳೆ ಜಾರಿಸತೊಡಗಿದ. ವಾರ್ಡಿನ ಹೆಂಗಸರೆಲ್ಲ ಎದ್ದು ಕೂತು ನೋಡಿದರು. ಒಬ್ಬ ಮುದುಕಿ, "ಮೆಲ್ಲಕ ತಮ್ಮಾ, ಕುರಿ ಉಣ್ಣೆ ಕತ್ತರಸಾಕತ್ತಿಲ್ಲ ನೀ" ಎಂದಳು. ಸುವರ್ಣಾ ನಕ್ಕಳು. ಆ ಹುಡುಗಿ ನಗುವುದನ್ನು ನಾನು ಮೊದಲ ಸಲ ನೋಡಿದ್ದು ಆಗಲೇ. ಒಂದು ಬಳೆಯೂ ಒಡೆಯಲಿಲ್ಲ.

ಆಪರೇಷನ್ ಬಹಳ ಹೊತ್ತು ನಡೆಯಿತು. ಹೊಟ್ಟೆಯೊಳಗೆ ಕರುಳು ಯಾವುದು, ಚೀಲ ಯಾವುದು ಎಂದು ಬೇರೆ ಮಾಡಲಾಗದಂತೆ ಎಲ್ಲ ಒಂದೇ ಮುದ್ದೆ. ದೊಡ್ಡ ಡಾಕ್ಟರು ಸ್ಟೂಲನ್ನು ಟಿವಿಯ ಹತ್ತಿರಕ್ಕೆ ಎಳೆದುಕೊಂಡರು. ಮೇಡಮ್ ಗುಂಡಿ ಒತ್ತಿದಾಗ ಆ ಮುದ್ದೆಯ ನಡುವಿನಿಂದ ಹಸಿರು ಗೆರೆಯೊಂದು ಮೇಲೆದ್ದು ಬಂತು. ಅವರು ಅದರ ಪಕ್ಕದಲ್ಲೇ, ಅದನ್ನು ಮುಟ್ಟದೆ, ಸೀರೆಯ ಹೊಲಿಗೆ ಬಿಚ್ಚಿದ ಹಾಗೆ ಬಿಡಿಸುತ್ತಾ ಹೋದರು. ಮುಗಿದಾಗ ದೊಡ್ಡ ಡಾಕ್ಟರು ಸ್ಟೂಲಿನಿಂದ ಎದ್ದು, "ನಾ ಆಗಿದ್ರ ಇದನ್ನ ಕೊಯ್ದು ಬಿಡ್ತಿದ್ದೆ" ಎಂದಷ್ಟೇ ಹೇಳಿ ಹೊರಗೆ ಹೋದರು. ಆಮೇಲೆ ಅವರು ಟಿವಿಯನ್ನು ಬೈಯಲಿಲ್ಲ.

ಆಪರೇಷನ್ ಆದ ಮೇಲೆ ಮನೆಯವರನ್ನು ಕರೆದು ರೆಕಾರ್ಡಿಂಗ್ ತೋರಿಸುವುದು ಮೇಡಮ್ಮಿನ ಪದ್ಧತಿ. ಗಂಗಾಬಾಯಿ ಟಿವಿಯ ಮುಂದೆ ನೆಲದ ಮೇಲೇ ಕೂತಳು. ಕುರ್ಚಿ ಬೇಡವೆಂದಳು. ಮೇಡಮ್ ಪೂರ್ತಿ ಓಡಿಸದೆ ಹಸಿರು ಭಾಗವನ್ನಷ್ಟೇ ತೋರಿಸಿದರು. ಆ ಹಸಿರು ನಾಳ ಸುಮ್ಮನೆ ಬಿದ್ದಿರುವುದಿಲ್ಲ. ಮೂತ್ರವನ್ನು ಕೆಳಗೆ ತಳ್ಳಲು ಆಗಾಗ ತನ್ನಷ್ಟಕ್ಕೆ ಮುದುಡಿ ಹರಿಯುತ್ತದೆ. ಟಿವಿಯಲ್ಲಿ ಅದು ಮುದುಡಿತು, ಹರಿಯಿತು.

ಗಂಗಾಬಾಯಿ ಎದ್ದು ನಿಂತಳು. "ಹುಳ!"

"ಅದು ಹುಳ ಅಲ್ಲಮ್ಮ" ಎಂದರು ಮೇಡಮ್.

"ಹುಳ ಅಲ್ಲಂದ್ರ ಹ್ಯಾಂಗ? ನಡೀಲಿಕತ್ತಾದ ನೋಡ್ರಿ! ಹಸರ ಹುಳ! ಅದಕ್ಕೇ ನೋಯ್ತಿತ್ತು ನಮ್ಮ ಹುಡುಗಿಗಿ. ತೆಗೆದ್ರಿಲ್ಲೋ? ಎಲ್ಲದ, ತೋರಸ್ರಿ."

"ಅದನ್ನ ತೆಗೆಯೋ ಹಾಗಿಲ್ಲಮ್ಮ. ಅದನ್ನ ಉಳಿಸೋಕೇ ಇಷ್ಟು ಕಷ್ಟಪಟ್ಟಿದ್ದು. ಅದು ಮೂತ್ರನಾಳ."

ಉಳಿಸಿದ್ದೇವೆ ಎಂಬ ಮಾತೊಂದೇ ಸಾಕಾಯಿತು. ಗಂಗಾಬಾಯಿ ವರಾಂಡಕ್ಕೆ ಬಂದು ಕಂಡವರಿಗೆಲ್ಲ ಹೇಳಿದಳು. "ಹುಳ ಕಂಡಾದ, ಜೀವಂತ ಅದ, ಹೊಟ್ಟ್ಯಾಗೇ ಬಿಟ್ಟಾರ. ಉಳಿಸೀವಿ ಅಂತ ತಾವೇ ಒಪ್ಪಿಕೊಂಡಾರ!" ಸಂಜೆಯ ಹೊತ್ತಿಗೆ ವಾರ್ಡಿನ ಅರ್ಧ ಜನರಿಗೆ ಹೊಟ್ಟೆಯೊಳಗೆ ಏನೋ ಹರಿದಾಡುವ ಹಾಗೆ ಅನಿಸಲು ಶುರುವಾಗಿತ್ತು.

ಇದರಲ್ಲಿ ನಗುವಂಥದ್ದು ಬಹಳ ಇದೆ, ಆದರೆ ಗಂಗಾಬಾಯಿಯ ದೃಷ್ಟಿಯಿಂದ ನೋಡಿರಿ. ಕುರಿ ಮೇಯಲಿಲ್ಲ, ಹುಳ. ಕುರಿ ಸೊರಗಿತು, ಹುಳ. ಹಿಂಡಿನಲ್ಲಿ ಎಷ್ಟು ಜಡ್ಡು ಬಂದರೂ ಮೊದಲು ಕುಡಿಸುವುದು ಜಂತಿನ ಔಷಧ, ಬಹಳ ಸಲ ಅದೇ ಕೈ ಹಿಡಿಯುವುದು. ಇಷ್ಟು ವರ್ಷ ಸೊಸೆಗೆ ಏನೂ ಇಲ್ಲ ಎಂದುಕೊಂಡಿದ್ದ ಹೆಂಗಸಿಗೆ ಈಗ ಕಣ್ಣಿಗೆ ಕಾಣುವ ಕಾರಣ ಸಿಕ್ಕಿತ್ತು. ಅದಕ್ಕೆ ಮದ್ದೂ ಅವಳ ಮನೆಯಲ್ಲೇ ಇತ್ತು.

ಮರುದಿನ ಬೆಳಿಗ್ಗೆ ನಾನು ವಾರ್ಡಿಗೆ ಹೋದಾಗ ಗಂಗಾಬಾಯಿ ಸೊಸೆಯ ಮಂಚದ ಪಕ್ಕ ಕೂತು ಸ್ಟೀಲ್ ಲೋಟದಲ್ಲಿ ಏನೋ ಬಿಳಿಯದನ್ನು ಚಮಚದಿಂದ ತಿರುವುತ್ತಿದ್ದಳು. ಹಾಲು ಎಂದುಕೊಂಡೆ. ಹತ್ತಿರ ಹೋದರೆ ಹಾಲಿನ ವಾಸನೆಯಲ್ಲ. ಮಂಚದ ಕೆಳಗೆ ಒಂದು ಶೀಸೆ. ಅದರ ಮೇಲೆ ಕೊಬ್ಬಿದ ಕುರಿಯ ಚಿತ್ರ. ಕಾಶಿನಾಥ ಬೆಳಗಿನ ಮೊದಲ ಬಸ್ಸಿಗೆ ತಂದು ಕೊಟ್ಟಿದ್ದ.

"ಇದು ಯಾರಿಗೆ?" ಎಂದೆ. ಮಾಸ್ಕಿನಿಂದ ಹೊರಗೆ ಬರಲಿಲ್ಲ ಮಾತು.

"ಹಿರೇ ಟಗರಿಗಿ ಕೊಡೋದರಾಗ ಅರ್ಧ ಹಾಕೀನಿ" ಎಂದು ಗಂಗಾಬಾಯಿ ನನ್ನ ಕಣ್ಣು ನೋಡಿ ಸಮಾಧಾನ ಹೇಳುವವಳ ಹಾಗೆ ಹೇಳಿದಳು. "ನಸೀಬಿಲೆ ಈಕಿ ಸಣಕಲು. ಅರ್ಧ ಸಾಕು. ಏಳವ್ವಾ, ಬಾಯಿ ತೆರಿ."

ಸುವರ್ಣಾ ನನ್ನ ಕಡೆ ನೋಡಿದಳು. ಅತ್ತೆ ಕೊಟ್ಟದ್ದನ್ನು ಬೇಡ ಎನ್ನುವ ಧೈರ್ಯ ಅವಳಿಗಿರಲಿಲ್ಲ. ನನಗೂ ಅಂಥ ಧೈರ್ಯ ಯಾವತ್ತೂ ಇರಲಿಲ್ಲ. ಆದರೂ ಕೈ ತಾನಾಗಿ ಮುಂದೆ ಹೋಗಿ ಲೋಟ ಕಸಿದುಕೊಂಡಿತು. ಕಸಿದುಕೊಂಡ ಲೋಟವನ್ನು ಎದೆಗೆ ಒತ್ತಿ ಹಿಡಿದು ನಿಂತೆ.

"ಏನು, ನೀನೇ ಕುಡೀತಿಯೇನು?" ಎಂದಳು ಗಂಗಾಬಾಯಿ.

ನಾನು ಮಾಸ್ಕು ಕೆಳಗೆ ಎಳೆದೆ. "ಆಕಿ ಕುರಿ ಅಲ್ಲ!" ಎಂದೆ. ಎಷ್ಟು ಜೋರಾಗಿ ಎಂದರೆ ಪಕ್ಕದ ವಾರ್ಡಿನಿಂದ ಶಾಂತಾ ಸಿಸ್ಟರ್ ಓಡಿ ಬಂದರು. ನನ್ನ ಧ್ವನಿ ಅದು ಎಂದು ಅವರಿಗೆ ಗೊತ್ತಾಗಲೇ ಇಲ್ಲ. ಯಾರು ಕೂಗಿದ್ದು ಎಂದು ನನ್ನನ್ನೇ ಕೇಳಿದರು.

ಕೇಸು ಕಷ್ಟದ್ದಾಗಿದ್ದರಿಂದ ಮೇಡಮ್ ಅವತ್ತು ಊರಿಗೆ ಹೋಗದೆ ದವಾಖಾನೆಯಲ್ಲೇ ಉಳಿದಿದ್ದರು. ಬಂದು ಶೀಸೆ ನೋಡಿ ತಲೆಯ ಮೇಲೆ ಕೈ ಇಟ್ಟುಕೊಂಡರು. ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಎರಡು ಅವರೆಕಾಳಿನಂಥದ್ದು ಬರೆದು ಮೂತ್ರಪಿಂಡ ಎಂದರು, ಎರಡು ಗೆರೆ ಎಳೆದು ಮೂತ್ರನಾಳ ಎಂದರು. ಗಂಗಾಬಾಯಿ ಚಿತ್ರ ನೋಡಿದಳು, ಮೇಡಮ್ ಮುಖ ನೋಡಿದಳು.

"ಬಾಯಿ, ನೀವು ಶಾಣ್ಯಾ ಇದ್ದೀರಿ, ನಾ ಅಲ್ಲನ್ನಂಗಿಲ್ಲ. ಆದ್ರ ಕಾಗದದ ಮ್ಯಾಲಿಂದು ನನಗ ತಿಳಿಯಂಗಿಲ್ಲ. ಮನಿಷ್ಯಾರ ಹೊಟ್ಟಿ ನಾ ನೋಡಿಲ್ಲ. ಕುರೀದು ನೋಡೀನಿ. ಕುರಿ ಮ್ಯಾಲ ತೋರಸ್ರಿ, ಒಪ್ತೀನಿ. ಇಲ್ಲಂದ್ರ ಹುಡುಗಿನ್ನ ಈಗೇ ಕರಕೊಂಡು ಹೋಗಿ ಹುಳ ಕೆಡವಸ್ತೀನಿ."

ಹಿಂದಿನ ದಿನ ಹೊಲಿಗೆ ಹಾಕಿದ ಹೊಟ್ಟೆ. ಹೋದರೆ ಮನೆಯಲ್ಲಿ ಶೀಸೆ ಪೂರ್ತಿ ಇಳಿಯುತ್ತದೆ. ಮೇಡಮ್ ಸ್ವಲ್ಪ ಯೋಚಿಸಿ ನನ್ನ ಕಡೆ ತಿರುಗಿದರು. "ಮಾವಶಿ, ಮಾರ್ಕೆಟ್ಟಿಗೆ ಹೋಗಿ ಒಂದು ಕುರಿಯ ಕಿಡ್ನಿ ತನ್ನಿ. ನಾಳ ಕತ್ತರಿಸಬಾರದು, ಅದರ ಜೊತೆಗೇ ಇರಬೇಕು."

ಮಕ್ಕಳೇ, ನಮ್ಮ ಮನೆಯಲ್ಲಿ ಮೊಟ್ಟೆಯ ಹೆಸರು ಹೇಳಿದರೂ ಬಾಯಿ ತೊಳೆಯುವವರಿದ್ದರು. ಮಟನ್ ಅಂಗಡಿ ಇರುವ ಓಣಿಗೆ ನಾನು ಕಾಲಿಟ್ಟವಳಲ್ಲ. ಮಾಸ್ಕು ಹಾಕಿಕೊಂಡೆ, ಅದರ ಮೇಲೆ ಸೆರಗು ಹೊದ್ದೆ, ಕಣ್ಣೆರಡು ಬಿಟ್ಟು ಎಲ್ಲ ಮುಚ್ಚಿಕೊಂಡು ಹೋದೆ. ಅಂಗಡಿಯ ಚಾಂದ್‌ಭಾಯಿ ದೂರದಿಂದಲೇ ಗುರುತು ಹಿಡಿದ. ಅವನ ಮಕ್ಕಳೆಲ್ಲ ನಮ್ಮ ದವಾಖಾನೆಯಲ್ಲೇ ಹುಟ್ಟಿದವರು.

"ಆವೋ ಖಾಲಾ! ಇದೇನ್ರಿ, ದಾರಿ ತಪ್ಪಿ ಬಂದ್ರೇನು?"

"ಗುರ್ದಾ" ಎಂದೆ. ಕಿಡ್ನಿಗೆ ಅಲ್ಲಿ ಅದೇ ಹೆಸರು.

"ಕ್ಯಾ?"

"ಗುರ್ದಾ ಬೇಕ್ರಿ. ಒಂದು. ನಳಗಿ ಇರಬೇಕು ಅದಕ್ಕ."

ಚಾಂದ್‌ಭಾಯಿ ಕತ್ತಿ ಕೆಳಗಿಟ್ಟ. "ನಳಗಿ ಯಾರೂ ಒಯ್ಯಂಗಿಲ್ಲ ಖಾಲಾ, ಅದು ನಾಯಿಗಿ ಹಾಕೋದು. ಪೇಷಂಟಿಗಿ ಶೋರ್ವಾ ಮಾಡ್ತೀರೇನು?"

"ತಿನ್ನಾಕಲ್ರಿ, ತೋರಸಾಕ."

"ತೋರಸಾಕ! ಯಾರಿಗಿ?"

"ಕುರಿ ಕಾಯೋರಿಗಿ."

ಅಂಗಡಿಯಲ್ಲಿದ್ದ ಗಿರಾಕಿಗಳೆಲ್ಲ ತಿರುಗಿ ನೋಡಿದರು. ಕುರಿ ಕಾಯುವವರಿಗೆ ಕುರಿಯ ಗುರ್ದಾ ತೋರಿಸಲು ಹೊರಟಿರುವ ಹೆಂಗಸನ್ನು ಅವರು ಮೊದಲು ನೋಡಿರಲಿಕ್ಕಿಲ್ಲ. ಆಗಲೇ ಹಿಂದಿನಿಂದ, "ಅಕ್ಕಾ, ನೀವೇನ್ರಿ ಇಲ್ಲಿ?" ಎಂಬ ಧ್ವನಿ. ನೀವು ಹಿಂದಿನ ಮನೆ ಆಯಿ ಎನ್ನುತ್ತೀರಲ್ಲ, ಅವರೇ. ಹುಮ್ನಾಬಾದಿಗೆ ಸೀರೆಗೆ ಫಾಲ್ ಹಚ್ಚಿಸಲು ಬಂದವರು ಎದುರಿನ ದರ್ಜಿಯ ಅಂಗಡಿಯಿಂದ ಇಳಿದಿದ್ದರು. ನನ್ನ ಕೈಯಲ್ಲಿ ಆಗಷ್ಟೇ ಚಾಂದ್‌ಭಾಯಿ ಕೊಟ್ಟ ಕರಿ ಚೀಲ. "ದವಾಖಾನಿ ಕೆಲಸ್ರಿ" ಎಂದು ಹೇಳಿದೆ. ಅವರು ಚೀಲ ನೋಡಿದರು, ನನ್ನನ್ನು ನೋಡಿದರು, ಹೋದರು. ಎಷ್ಟೋ ದಿನ ನಮ್ಮ ಮನೆಯಿಂದ ಮಜ್ಜಿಗೆ ಒಯ್ಯಲಿಲ್ಲ ಅಷ್ಟೇ.

ದವಾಖಾನೆಯ ಹಿತ್ತಿಲಿನಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅದನ್ನು ಇಟ್ಟೆವು. ನಾನು ಮುಖ ಬೇರೆ ಕಡೆ ಮಾಡಿ ನಿಂತೆ. ಮೇಡಮ್ ಸಿರಿಂಜಿನಲ್ಲಿ ನೀರು ತುಂಬಿಕೊಂಡು ನಾಳದ ಬಾಯಿ ಹುಡುಕತೊಡಗಿದರು. ಗಂಗಾಬಾಯಿಗೆ ತಡೆಯಲಾಗಲಿಲ್ಲ. "ಕೊಡ್ರಿ ಇಲ್ಲಿ, ನೀವು ಅದನ್ನ ಮೀನ ಹಿಡದಂಗ ಹಿಡದೀರಿ" ಎಂದು ತಾನೇ ಎತ್ತಿಕೊಂಡು, ಕೊಬ್ಬು ಸರಿಸಿ, ಬಿಳಿ ದಾರದಂಥ ನಾಳವನ್ನು ಎರಡು ಬೆರಳಲ್ಲಿ ಹಿಡಿದಳು. ಮೇಡಮ್ ನೀರು ಬಿಟ್ಟರು. ನಾಳ ಉಬ್ಬಿತು.

ಗಂಗಾಬಾಯಿ ಅದನ್ನು ಬೆರಳಿನಿಂದ ಒತ್ತಿ ನೋಡಿದಳು. "ಇದಾ?" ಎಂದಳು. "ಇದು ಉಚ್ಚಿ ದಾರಿ. ಇದು ನಮಗ ಗೊತ್ತಿದ್ದದ್ದೇ. ಇದು ಕಡದ್ರ ಕುರಿ ಉಳಿಯಂಗಿಲ್ಲ."

"ಹೌದಮ್ಮ. ಅದಕ್ಕೇ ಉಳಿಸಿದ್ವಿ."

"ಜೀವಂತ ಇದ್ದಾಗ ಇದು ನಡೀತಾದಂತ ನಮಗ ಹ್ಯಾಂಗ ಗೊತ್ತಾಗಬೇಕ್ರಿ? ನಾವು ನೋಡೂದು ಸತ್ತ ಮ್ಯಾಲ." ಕೈ ತೊಳೆದುಕೊಂಡು ಎದ್ದಳು. "ಇನ್ನೊಂದು ಸಲ ಟಿವಿ ಹಚ್ರಿ. ನಿನ್ನಿ ನಾ ಹುಳಾನೇ ನೋಡೀನಿ, ಬ್ಯಾರೇ ಏನೂ ನೋಡಿಲ್ಲ."

ಈ ಸಲ ಮೇಡಮ್ ಮೊದಲಿನಿಂದ ಓಡಿಸಿದರು. ಹಸಿರು ಬರುವ ಮುಂಚಿನದನ್ನು. ಗಂಗಾಬಾಯಿ ಮತ್ತೆ ನೆಲದ ಮೇಲೆ ಕೂತಳು. ಟಿವಿಯ ಹತ್ತಿರಕ್ಕೆ ಸರಿದಳು. ಆಮೇಲೆ ಬೆರಳು ಮಾಡಿದಳು. "ಇದು ಕರುಳು ಹೌದಿಲ್ರಿ? ಚೀಲಕ್ಕ ಅಂಟ್ಯಾದ. ಇದೂ ಅಂಟ್ಯಾದ. ಇದು ಏನು, ಕರ್ರಗ? ಹಳೇ ರಕ್ತಾ?"

"ಹೌದಮ್ಮ."

"ಎಷ್ಟು ದಿನದ್ದು?"

"ವರ್ಷಗಟ್ಟಲೆಯದು. ಪ್ರತಿ ತಿಂಗಳು ಸ್ವಲ್ಪ ಸ್ವಲ್ಪ."

ಗಂಗಾಬಾಯಿ ಟಿವಿಗೆ ಹೇಳುವವಳ ಹಾಗೆ ಹೇಳಿದಳು. "ಕುರಿಗಿ ಹೊಟ್ಟ್ಯಾಗ ಹಿಂಗಾದ್ರ ಅದು ಬಿದ್ದಲ್ಲಿಂದ ಏಳಂಗಿಲ್ರಿ. ಮೇಯಂಗಿಲ್ಲ, ನೀರು ಕುಡಿಯಂಗಿಲ್ಲ. ನಾವು ಅದನ್ನ ಬೈಯಂಗಿಲ್ಲ. ಹೆಗಲ ಮ್ಯಾಲ ಹೊತ್ಕೊಂಡು ಮನಿಗಿ ಬರ್ತೀವಿ." ಟಿವಿಯ ಕಡೆ ಕೈ ಮಾಡಿ, "ಈಕಿ ದಿನಾ ರೊಟ್ಟಿ ಬಡೀತಿದ್ದಳು" ಎಂದಳು.

ಟಿವಿ ಆರಿತು. ಅವಳು ಎದ್ದು ಸೀದಾ ವಾರ್ಡಿಗೆ ನಡೆದಳು. ನಾನು ಲೋಟದ ಭಯಕ್ಕೆ ಹಿಂದೆಯೇ ಓಡಿದೆ. ಗಂಗಾಬಾಯಿ ಸೊಸೆಯ ಮಂಚದ ಎದುರು ಸೊಂಟಕ್ಕೆ ಕೈ ಇಟ್ಟುಕೊಂಡು ನಿಂತು ಬೈದಳು.

"ಏನ, ಬಾಯಿಲ್ಲೇನು ನಿನಗ? ಇಷ್ಟು ನೋಯ್ತದಂತ ಹೇಳಬಾರದೇನು?"

ಸುವರ್ಣಾ ಮೆಲ್ಲಗೆ, "ಹೇಳಿದ್ನಲ್ಲ ಅತ್ತಿ" ಎಂದಳು.

ಗಂಗಾಬಾಯಿಯ ಸೊಂಟದ ಮೇಲಿನ ಕೈ ಕೆಳಗಿಳಿಯಿತು. "ಹೌದು" ಎಂದಳು ಕಡೆಗೆ. "ಹೇಳಿದ್ದಿ." ಮಂಚದ ಮೇಲೆ ಕೂತು ಸೊಸೆಯ ಕಾಲನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡು ಒತ್ತತೊಡಗಿದಳು. ಕುರಿಯ ಕಾಲು ಒತ್ತಿದ ಹಾಗೇ, ಗಟ್ಟಿಯಾಗಿ. ಸುವರ್ಣಾಳ ಕಣ್ಣಲ್ಲಿ ನೀರು ಬಂತು. ಒತ್ತಿದ ನೋವಿಗೋ ಬೇರೆಯದಕ್ಕೋ ನಾನು ಕೇಳಲಿಲ್ಲ.

ಬಿಡುಗಡೆಯ ದಿನ ಕಾಶಿನಾಥ ಟಂಟಂ ಗಾಡಿ ತಂದಿದ್ದ. ಅದರ ಮೆಟ್ಟಿಲು ಎತ್ತರ. ಸುವರ್ಣಾ ಒಂದು ಕಾಲು ಎತ್ತಿ ಹೊಟ್ಟೆ ಹಿಡಿದು ನಿಂತಳು. ಶಾಂತಾ ಸಿಸ್ಟರ್ ಸ್ಟೂಲು ತರಲು ಒಳಗೆ ಹೋದರು. ಅಷ್ಟರಲ್ಲಿ ಗಂಗಾಬಾಯಿ ಕೈಯಲ್ಲಿದ್ದ ಗಂಟನ್ನು ಮಗನ ಕಡೆ ಎಸೆದು, ಬಗ್ಗಿ, ಒಂದು ಕೈ ಮೊಣಕಾಲಿನ ಕೆಳಗೆ, ಒಂದು ಕೈ ಬೆನ್ನಿಗೆ ಕೊಟ್ಟು ಸೊಸೆಯನ್ನು ಎತ್ತಿ ಗಾಡಿಯಲ್ಲಿ ಕೂರಿಸಿದಳು. ಸುವರ್ಣಾ ನಾಚಿಕೆಯಿಂದ, "ಅತ್ತಿ, ಇಳಸ್ರಿ, ಮಂದಿ ನೋಡಾಕತ್ತಾರ" ಎನ್ನುತ್ತಿದ್ದಳು. "ನೋಡಲಿ" ಎಂದಳು ಗಂಗಾಬಾಯಿ. ಡ್ರೈವರು ಯಾವ ಕಡೆ ಎಂದು ಕೇಳಿದ. "ಯಾವ ಕಡಿ ಅಂದ್ರ? ನಿರ್ಣಾ. ಮನಿಗಿ."

ನೋವು ಪೂರ್ತಿ ಹೋಯಿತು ಎಂದು ನಾನು ಬರೆಯಲಾರೆ. ಅದು ಅಂಥ ಕಾಯಿಲೆಯಲ್ಲ. ಮಾತ್ರೆ ಇದ್ದವು, ಆಗಾಗ ಬಂದು ತೋರಿಸಿಕೊಳ್ಳುತ್ತಿದ್ದಳು. ಬಂದಾಗಲೆಲ್ಲ ಜೊತೆಗೆ ಅತ್ತೆ ಇರುತ್ತಿದ್ದಳು, ಮೇಡಮ್ ಕೇಳಿದ ಪ್ರಶ್ನೆಗೆಲ್ಲ ಅತ್ತೆಯೇ ಉತ್ತರ ಹೇಳುತ್ತಿದ್ದಳು, ಸೊಸೆಗಿಂತ ಜಾಸ್ತಿ ನೋವು ಹೇಳುತ್ತಿದ್ದಳು. ಮಗುವಾಯಿತೇ ಎಂದು ರೇಣುಕಾ ಕೇಳುತ್ತಾಳೆ, ಗೊತ್ತು. ನನಗೆ ತಿಳಿಯದು. ನಾನು ಅಲ್ಲಿದ್ದಷ್ಟು ದಿನ ಗಂಗಾಬಾಯಿ ಅದನ್ನು ಮೇಡಮ್ ಹತ್ತಿರ ವಿಚಾರಿಸಿದ್ದು ನನ್ನ ಕಿವಿಗೆ ಬೀಳಲಿಲ್ಲ.

ನಾನು ಕೆಲಸ ಬಿಡುವ ವರ್ಷ ಅವಳು ಒಂದು ಕರಿ ಕಂಬಳಿ ತಂದು ನನ್ನ ಕೈಯಲ್ಲಿಟ್ಟಳು. ತನ್ನ ಹಿಂಡಿನ ಉಣ್ಣೆಯದು. "ಅವತ್ತು ಲೋಟ ಕಸಗೊಂಡಿದ್ದಿಲ್ಲಂದ್ರ..." ಎಂದು ಶುರು ಮಾಡಿ, ಮುಗಿಸದೆ, "ಚಳಿಗಾಲಕ್ಕ ಬೇಷ್ ಆಗ್ತದ" ಎಂದಳು. ನಾನೂ ಏನೋ ಹೇಳಿದೆ. ಮಾಸ್ಕು ಹಾಕಿಕೊಂಡಿದ್ದೆ.

ನೀವು ಮೂವರೂ ಎಳೆದಾಡುವ ಆ ಕಂಬಳಿ ಅದೇ. ಈ ಹಾಳೆಗಳನ್ನು ಅದರ ಮಡಿಕೆಯೊಳಗೆ ಇಟ್ಟು ಜೋಪಾನ ಮಾಡಿರಿ. ಟ್ರಂಕಿನಲ್ಲಿ ಹಾಕಿದರೆ ಗೆದ್ದಲು ಬರುತ್ತದೆ, ಪಲ್ಲವಿಯ ಪುಸ್ತಕದ ಚೀಲದಲ್ಲಿಟ್ಟರೆ ಕಳೆದುಹೋಗುತ್ತದೆ. ಮುಂದೆ ಯಾವಾಗಲಾದರೂ ನಿಮ್ಮ ಎದುರಿನವರು ಮೆಲ್ಲಗೆ, ನೋಯುತ್ತದೆ ಎಂದರೆ, ಮನೆಗೆ ಬಂದು ಇದನ್ನು ಇನ್ನೊಮ್ಮೆ ತೆಗೆದು ಓದಿರಿ. ಓದಿ ಮತ್ತೆ ಅಲ್ಲಿಯೇ ಮಡಚಿಡಿ.